ಪಟ್ಟಿ ಯಾರ ಕೈಯಾಗ?

ಆಟದ ಮೈದಾನ ಎಲ್ಲರದೂ ಅಂತಾರ. ಆದರ ಹೆಸರು ಬರೆಯುವ ಪಟ್ಟಿ ಯಾರ ಕೈಯಾಗ ಇತ್ತು ಅನ್ನೋದನ್ನ ನಾವು ಇತಿಹಾಸಕ್ಕೆ ಕೇಳಬೇಕು.

1876ರಲ್ಲಿ ಧಾರವಾಡದಲ್ಲಿ ಹುಟ್ಟಿದ ಪಾಲವಣಕರ ಬಾಳೂ ಚಮ್ಮಾರ ಸಮಾಜದವರು. ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ಮೈದಾನದ ಕೆಲಸ ಮಾಡುತ್ತಾ, ಸಾಹೇಬರಿಗೆ ಚೆಂಡು ಎಸೆದು ಎಸೆದೇ ದೊಡ್ಡ ಎಡಗೈ ಬೌಲರ್ ಆದರು. ಹಿಂದೂ ತಂಡಕ್ಕೆ ವಿಕೆಟ್ ಬೇಕಿತ್ತು. ಹಂಗಾಗಿ ಪಟ್ಟಿಯಲ್ಲಿ ಹೆಸರು ಬಂತು. ಆದರ ಪುಣೆಯಲ್ಲಿ ಚಹಾದ ಹೊತ್ತಿಗೆ ಅವರು ಹೊರಗ. ಮಣ್ಣಿನ ಕುಡಿಕೆಯಲ್ಲಿ ಬೇರೆ ಚಹಾ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರು. ಆದರೂ ಹಿಂದೂ ತಂಡದ ನಾಯಕಪಟ್ಟ ಅವರಿಗೆ ಕೊಡಲಿಲ್ಲ. 1920ರಲ್ಲಿ ಅವರನ್ನೇ ಕೈಬಿಟ್ಟಾಗ ತಮ್ಮಂದಿರಾದ ವಿಠ್ಠಲ, ಶಿವರಾಮ ತಂಡದಿಂದ ಹೊರಬಂದು ಪ್ರತಿಭಟಿಸಿದರು. 1923ರಲ್ಲಿ ವಿಠ್ಠಲರೇ ನಾಯಕರಾದರು, ತಂಡ ಗೆದ್ದಿತು.

ಹೆಸರು ಬರೆದುಕೊಂಡರಷ್ಟೇ ಸಾಲದು, ಒಂದೇ ಪಂಕ್ತಿ ಬೇಕು, ಮುಂದಾಳತ್ವವೂ ಬೇಕು ಅಂತ ಈ ಅಣ್ಣತಮ್ಮಂದಿರ ಬಾಳು ಹೇಳ್ತದ.

ಇವತ್ತು ಶಿಬಿರ, ಚಾರಣ, ಕಬಡ್ಡಿಯ ಅರ್ಜಿಯಲ್ಲಿ 'ನಿಮಗ ಪ್ರವೇಶ ಇಲ್ಲ' ಅಂತ ಯಾರೂ ಬರೆಯೋದಿಲ್ಲ. ಆದರ ಸುದ್ದಿ ಕೇರಿಗೆ ಮುಟ್ಟೋದರೊಳಗ ಜಾಗ ತುಂಬಿರ್ತದ. ಶುಲ್ಕ, ಬೂಟು, ಬಸ್ಸಿನ ಖರ್ಚು ಇನ್ನೊಂದು ಬಾಗಿಲು. ಸೊಲ್ಲಾಪುರ, ಜತ್ತ ಕಡೆ ಚಳಿಗಾಲದಾಗ ನೋಂದಣಿ ಇಟ್ಟರ, ಕಬ್ಬು ಕಡಿಯಲು ಹೋದವರ ಮಕ್ಕಳು ಊರಾಗೇ ಇರೋದಿಲ್ಲ.

ಅದಕ್ಕ ಗೆಳೆಯರೇ, ನಾವು ನಡೆಸುವ ಶಿಬಿರದ ಡಂಗುರ ಮೊದಲು ಕಡೆಯ ಓಣಿಯಲ್ಲಿ ಸಾರೋಣ. ಕನ್ನಡದಾಗೂ ಮರಾಠಿಯಾಗೂ ಅರ್ಜಿ ಇರಲಿ. ಹೆಣ್ಣುಮಕ್ಕಳ ಹೆಸರಿಗೆ ಜಾಗ ಕಾದಿಡೋಣ. ಪಟ್ಟಿ ಈಗ ನಮ್ಮ ಕೈಯಾಗ ಅದ.

ಜೈ ಭೀಮ್.