ವಕೀಲರ ಕಚೇರಿ ಪ್ರವೇಶ ಮತ್ತು ಶೋಧ

ವೃತ್ತಿ ದುರ್ನಡತೆಯ ವಿಚಾರಣೆಗಾಗಿ ವಕೀಲರ ಕಚೇರಿ ಹೊಕ್ಕು ಕಡತ ಶೋಧಿಸುವ ಅಧಿಕಾರವನ್ನು 1961ರ ವಕೀಲರ ಅಧಿನಿಯಮ ಯಾರಿಗೂ ಕೊಟ್ಟಿಲ್ಲ. ಕಲಬುರಗಿ ನಗರದ ಅಥವಾ ಕಮಲಾಪುರದ ವಕೀಲರ ಮೇಲಿನ ದೂರು ಬೆಂಗಳೂರಿನ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ಸಲ್ಲುತ್ತದೆ. ಅದರ ಶಿಸ್ತು ಸಮಿತಿಗೆ 42ನೇ ಕಲಮಿನಡಿ ಸಿವಿಲ್ ನ್ಯಾಯಾಲಯದ ಕೆಲವು ಅಧಿಕಾರಗಳಿವೆ: ಸಾಕ್ಷಿಗಳನ್ನು ಕರೆಸಬಹುದು, ದಾಖಲೆ ತರಿಸಬಹುದು, ಪ್ರಮಾಣಪತ್ರ ಪಡೆಯಬಹುದು. ಬಾಗಿಲು ತೆರೆಸುವಂತಿಲ್ಲ. ಇಂಗ್ಲೆಂಡಿನಲ್ಲಾದರೆ, 1974ರ ಸಾಲಿಸಿಟರ್‌ಗಳ ಕಾಯ್ದೆಯಂತೆ ನಿಯಂತ್ರಣ ಸಂಸ್ಥೆ ಹೈಕೋರ್ಟಿನ ಆದೇಶ ಪಡೆದು ಕಚೇರಿ ಪ್ರವೇಶಿಸಬಹುದು.

ನಕಲಿ ದಾಖಲೆ, ಕಕ್ಷಿದಾರರ ಹಣದ ದುರುಪಯೋಗದಂಥ ಅಪರಾಧಗಳಲ್ಲಿ ಮಾತ್ರ ಪೊಲೀಸರು ಬರುತ್ತಾರೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 96ನೇ ಕಲಮಿನಂತೆ ನ್ಯಾಯಾಲಯದ ವಾರಂಟ್ ಬೇಕು. ತುರ್ತಿದ್ದರೆ 185ರಂತೆ ಕಾರಣ ಬರೆದಿಡಬೇಕು. ಶೋಧವನ್ನು ಚಿತ್ರೀಕರಿಸುವುದು ಕಡ್ಡಾಯ.

ಕಕ್ಷಿದಾರರ ಗುಟ್ಟಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮು ರಕ್ಷಣೆ ನೀಡುತ್ತದೆ. ಈ ರಕ್ಷಣೆ ವಾಸ್ತವವಾಗಿ ವಕೀಲರದ್ದಲ್ಲ, ಅವರನ್ನು ನಂಬಿದವರದ್ದು. 2025ರ ಅಕ್ಟೋಬರ್ 31ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ತನಿಖಾಧಿಕಾರಿ ಕೇಳಿದ ವಕೀಲರ ಮೊಬೈಲ್, ಕಂಪ್ಯೂಟರ್‌ಗಳನ್ನು ನ್ಯಾಯಾಲಯದ ಮುಂದೆಯೇ ಹಾಜರುಪಡಿಸಬೇಕು, ಇತರ ಕಕ್ಷಿದಾರರ ಮಾಹಿತಿ ಬಯಲಾಗಬಾರದು ಎಂದಿತು. ಅಕ್ರಮ ಶೋಧವನ್ನು ಪ್ರಶ್ನಿಸಲು ಈ ಭಾಗದವರು ಬೆಂಗಳೂರಿಗೆ ಹೋಗಬೇಕಿಲ್ಲ. 2013ರಲ್ಲಿ ಕಾಯಂ ಆದ ಹೈಕೋರ್ಟಿನ ಕಲಬುರಗಿ ಪೀಠದಲ್ಲೇ ಅರ್ಜಿ ಹಾಕಬಹುದು.