ಹೆಸರಿಟ್ಟವರು ಯಾರು?

ಮಲ್ಪೆಯೆದುರಿನ ಕಲ್ಲುಗಂಬಗಳ ನಡುಗಡ್ಡೆಗೆ ಇವತ್ತು ನಾವೆಲ್ಲ ಸೇಂಟ್ ಮೇರೀಸ್ ಅಂತೀವಿ. 1498ರಲ್ಲಿ ಕಲ್ಲಿಕೋಟೆಯಿಂದ ಹಿಂದಿರುಗುತ್ತಿದ್ದ ವಾಸ್ಕೋ ಡ ಗಾಮ ಈ ಕರಾವಳಿಯ ಗಡ್ಡೆಯೊಂದರಲ್ಲಿ ಕಲ್ಲು ನೆಟ್ಟು ಸಾಂತಾ ಮರಿಯಾ ಎಂದು ಕರೆದ. ಆ ಗಡ್ಡೆ ಇದೇ ಎಂಬುದು ರೂಢಿ. ಅವನು ಬಂದ, ಹೋದ; ಹೆಸರು ಐದು ಶತಮಾನ ನಿಂತಿತು.

ಹಾಗಾದರೆ ದಡದ ಜನಕ್ಕೆ ಇದು ಹೆಸರಿಲ್ಲದ ಬಂಡೆಯೇ? ಅಲ್ಲ. ಅವರ ಬಾಯಲ್ಲಿ ಇದು ತೋನ್ಸೆಪಾರ್. ಎದುರಿನ ದಡದ ತೋನ್ಸೆ ಊರೇ ಆ ಹೆಸರಲ್ಲಿ ಕೂತಿದೆ.

ಪಕ್ಕದ ದರಿಯಾಬಹದ್ದೂರಗಡದಲ್ಲಿ ಬಿದನೂರಿನ ಅರಸರ ಕೋಟೆಯ ಠೀವಿ. ಹೊನ್ನಾವರದ ಹತ್ತಿರದ ಬಸವರಾಜದುರ್ಗಕ್ಕೆ ಕೆಳದಿಯ ರಾಜಕುಮಾರನ ಹೆಸರು. ಮುರ್ಡೇಶ್ವರದ ಕಡಲಿನ ನೇತ್ರಾಣಿ ಬ್ರಿಟಿಷರ ನಕಾಶೆಯಲ್ಲಿ ಪಿಜನ್ ಐಲ್ಯಾಂಡ್, ಪಾರಿವಾಳದ ಗಡ್ಡೆ.

ಸಂತಳಿಗೆ ಸಿಕ್ಕಿತು, ಅರಸನಿಗೆ ಸಿಕ್ಕಿತು, ಪಾರಿವಾಳಕ್ಕೂ ಸಿಕ್ಕಿತು. ಕೋಟೆಗೆ ಕಲ್ಲು ಹೊತ್ತವರ ಹೆಸರು ಯಾವ ನಕಾಶೆಯಲ್ಲಿದೆ? ಬರೆಯುವವರ ಕೈಲಿ ಲೇಖನಿ ಇತ್ತು, ನಮ್ಮವರ ಕೈಲಿ ಹುಟ್ಟು.

ಆದರೂ ತೋನ್ಸೆಪಾರ್ ಸತ್ತಿಲ್ಲ. ಬಾಯಲ್ಲಿ ಉಳಿದದ್ದೂ ಚರಿತ್ರೆಯೇ. ಅದನ್ನು ನಾವೇ ಬರೆದಿಡದೆ ಹೋದರೆ, ನಾಳೆ ಮತ್ತೊಬ್ಬ ಬಂದು ಕಲ್ಲು ನೆಡುತ್ತಾನೆ.