ವಿಜಯನಗರದ ಇತಿಹಾಸದಲ್ಲಿ 1524ನೆಯ ವರ್ಷ

ಶಾಲಿವಾಹನ ಶಕ 1446ನೆಯ ತಾರಣ ಸಂವತ್ಸರಕ್ಕೆ ಬಹುಮಟ್ಟಿಗೆ ಹೊಂದುವ ಈ ವರ್ಷವು ತುಳುವ ವಂಶದ ಕೃಷ್ಣದೇವರಾಯನ (ಆಳ್ವಿಕೆ 1509–1529) ರಾಜ್ಯಭಾರದಲ್ಲಿ ಉತ್ಸವವೂ ದುಃಖವೂ ಒಂದರ ಬೆನ್ನಿಗೊಂದು ಬಂದ ಕಾಲ. ಒಡಿಶಾದ ಗಜಪತಿಯಿಂದ ಉದಯಗಿರಿಯನ್ನೂ, 1520ರಲ್ಲಿ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಂದ ರಾಯಚೂರನ್ನೂ ಗೆದ್ದುಕೊಂಡಿದ್ದ ರಾಯನು, ತನ್ನ ತರುವಾಯ ಸಿಂಹಾಸನಕ್ಕೆ ಕಲಹ ಹುಟ್ಟಬಾರದೆಂದು, ತಿರುಮಲದೇವಿಯಲ್ಲಿ ಜನಿಸಿದ ಕುಮಾರ ತಿರುಮಲರಾಯನಿಗೆ ತಾನು ಜೀವಿಸಿರುವಾಗಲೇ ಪಟ್ಟಗಟ್ಟಿದನು. ಪೋರ್ಚುಗೀಸ್ ಪ್ರವಾಸಿ ನುನಿಜ್ ಹೇಳುವಂತೆ ಬಾಲಕನಿಗೆ ಆಗ ಆರು ವರ್ಷ ವಯಸ್ಸು.

ಹೊಸಪೇಟೆಯಿಂದ ಹಂಪೆಗೆ ಹೋಗುವ ದಾರಿಯಲ್ಲಿರುವ ಅನಂತಶಯನಗುಡಿಯು ಆ ಕುಮಾರನ ಹೆಸರಿನಲ್ಲಿ ಸಾಲೆ ತಿರುಮಲೆ ಮಹಾರಾಯಪುರವೆಂದು ಅದೇ ವರ್ಷ ಸ್ಥಾಪಿತವಾದ ಊರು. ಅಲ್ಲಿಯ ದೇವಾಲಯವು ವಿಜಯನಗರದ ವಾಸ್ತುವಿನಲ್ಲಿಯೇ ವಿಲಕ್ಷಣವಾದುದು. ಶೇಷಶಾಯಿಯಾದ ವಿಷ್ಣುವಿಗೆಂದು ಗರ್ಭಗೃಹವನ್ನು ಅಡ್ಡಲಾಗಿ ಉದ್ದವಾಗಿ ಕಟ್ಟಿ, ಅದರ ಮೇಲೆ ಇಟ್ಟಿಗೆ ಗಾರೆಗಳಿಂದ ಸುಮಾರು 24 ಮೀಟರ್ ಎತ್ತರದ ಕಮಾನು ಶಿಖರವನ್ನು ಎಬ್ಬಿಸಿದ್ದಾರೆ. ಒಳಗಿನ ನೀಳವಾದ ಪೀಠದ ಮೇಲೆ ಈಗ ವಿಗ್ರಹವಿಲ್ಲ. ಸ್ವಾಮಿಯು ರಾಯನ ಹಿಂದೆ ಬರುತ್ತಿದ್ದಾಗ, ಹಿಂದಿರುಗಿ ನೋಡಕೂಡದೆಂಬ ಕಟ್ಟಳೆಯನ್ನು ರಾಯನು ಮೀರಿದುದರಿಂದ, ಹೂವಿನಹಡಗಲಿ ಸೀಮೆಯ ಹೊಳಲಿನಲ್ಲಿಯೇ ನಿಂತನೆಂದು ಜನರು ಹೇಳುವರು. ಹೊಳಲಿನಲ್ಲಿ ಅನಂತಶಯನನ ಮೂರ್ತಿಯೂ ಇದೆ.

ಎಂಟು ತಿಂಗಳು ನಡೆದ ಪಟ್ಟಾಭಿಷೇಕದ ಸಂಭ್ರಮದಲ್ಲಿಯೇ ಕುಮಾರನು ಕಾಯಿಲೆ ಬಿದ್ದು ಮೃತನಾದನೆಂದೂ, ವಿಷಪ್ರಯೋಗದ ಆರೋಪವನ್ನು ನಂಬಿದ ರಾಯನು ಮಹಾಪ್ರಧಾನ ಸಾಳುವ ತಿಮ್ಮರಸನನ್ನು ಸೆರೆಗೆ ತಳ್ಳಿ ಕಣ್ಣು ಕೀಳಿಸಿದನೆಂದೂ ನುನಿಜ್ ಬರೆದಿದ್ದಾನೆ. ಈತನು ಬರೆದುದು ಸುಮಾರು ಒಂದು ದಶಕದ ನಂತರ, ಅದೂ ಕೇಳಿದ ಮಾತಿನ ಮೇಲೆ. ಆದುದರಿಂದ ರಾಯನನ್ನು ಸಿಂಹಾಸನಕ್ಕೇರಿಸಿದ ಆ ವೃದ್ಧ ಮಂತ್ರಿಯನ್ನು ಇಷ್ಟರಿಂದಲೇ ರಾಜದ್ರೋಹಿಯೆನ್ನುವುದು ನ್ಯಾಯವಲ್ಲ. ಆದರೆ ದೊರೆಯ ಸಂದೇಹವೇ ತೀರ್ಪಾಗುತ್ತಿದ್ದ ಏಕಪ್ರಭುತ್ವದಲ್ಲಿ ಅಂತಹ ಮಂತ್ರಿಗೂ ಮೊರೆಯಿಡಲು ಬೇರೊಂದು ನ್ಯಾಯಸ್ಥಾನವಿರಲಿಲ್ಲ.

ಕೃಷ್ಣದೇವರಾಯನು 1529ರಲ್ಲಿ ತೀರಿಕೊಂಡಾಗ ಉಳಿದಿದ್ದುದು ಹದಿನೆಂಟು ತಿಂಗಳ ಶಿಶುವಾದುದರಿಂದ, ಚಂದ್ರಗಿರಿಯಲ್ಲಿ ಸೆರೆಯಲ್ಲಿದ್ದ ತಮ್ಮ ಅಚ್ಯುತರಾಯನಿಗೆ ಪಟ್ಟ ದೊರೆಯಿತು. ಕೃಷ್ಣದೇವರಾಯನ ಅಳಿಯ ರಾಮರಾಯನು ಅಂದಿನಿಂದಲೇ ಅವನಿಗೆ ಪ್ರತಿಸ್ಪರ್ಧಿಯಾಗಿ ನಿಂತನು.